ಸೇನಾಪತಿಯ ಇಸ್ತ್ರಿಪೆಟ್ಟಿಗೆಯೂ ನಮ್ಮಕ್ಕನ ಹಲ್ಲುಗಳೂ

ನಗರ ವಸ್ತುಸಂಗ್ರಹಾಲಯದ ಮೇಲ್ವಿಚಾರಕರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಗಾಜಿನ ಕಪಾಟುಗಳೂ ಕ್ಷೇಮವೆಂದು ಭಾವಿಸಿ, ಧೂಳು ಕೂಡ ಅಪ್ಪಣೆ ಪಡೆದೇ ಕೂರುವ ತಮ್ಮ ಸಭಾಂಗಣಕ್ಕೆ ದೂರದಿಂದಲೇ ಕೈಮುಗಿದು ಮಾಡಿಕೊಳ್ಳುವ ಅರಿಕೆ.

ಕಳೆದ ತಿಂಗಳು ನಮ್ಮಮ್ಮನನ್ನು ತಮ್ಮಲ್ಲಿಗೆ ಕರೆತಂದಿದ್ದೆ. ಮೂವತ್ತೆರಡು ವರ್ಷ ಬೀದಿ ಮೂಲೆಯಲ್ಲಿ ಇಸ್ತ್ರಿ ಅಂಗಡಿ ನಡೆಸಿ ನನ್ನನ್ನೂ ಅಕ್ಕನನ್ನೂ ಓದಿಸಿದವಳು. ಇತಿಹಾಸ ನೋಡಲು ಅವಳಿಗೆ ಬಿಡುವು ಸಿಕ್ಕಿದ್ದೇ ಈಗ. 'ಸೇನಾಪತಿಯ ಮನೆಯ ಇದ್ದಿಲು ಇಸ್ತ್ರಿಪೆಟ್ಟಿಗೆ' ಎಂಬ ಫಲಕದ ಮುಂದೆ ನಿಂತುಬಿಟ್ಟಳು. "ಇದು ನಂದು ಕಣೋ" ಅಂದಳು. ಮನೆ ಬದಲಿಸುವಾಗ ಅದನ್ನು ಗುಜರಿಯವನಿಗೆ ಕೊಟ್ಟು, ಕಳೆದುಹೋಯಿತೆಂದು ಹೇಳಿದವನು ನಾನೇ. ಹನ್ನೊಂದು ವರ್ಷ ಜೋಪಾನ ಮಾಡಿದ್ದ ಆ ಸುಳ್ಳನ್ನು ತಾವು ದೀಪ ಹಾಕಿ ಪ್ರದರ್ಶನಕ್ಕಿಟ್ಟ ಉಪಕಾರವನ್ನು ಜನ್ಮದಲ್ಲಿ ಮರೆಯಲಾರೆ.

ಹಿಡಿಯ ಮೇಲಿನ ಎಂಟು ಗೀರುಗಳನ್ನು ತಾವು 'ವಂಶಲಾಂಛನ' ಎಂದು ಓದಿದ್ದೀರಿ. ವಿದ್ವತ್ತು ಅಂದರೆ ಅದು! ಮೊದಲಿನ ಹಿಡಿ ಸುಟ್ಟುಹೋದಾಗ ಅಪ್ಪ ನಮ್ಮ ಹಳೆಯ ತೊಟ್ಟಿಲಿನ ಪಟ್ಟಿಯನ್ನೇ ಕೆತ್ತಿ ಕೂರಿಸಿದ್ದರು. ಆ ಗೀರುಗಳು ಹಲ್ಲು ಬರುವಾಗ ಅಕ್ಕ ಕಚ್ಚಿದ ಗುರುತು. ಈಗ ಮುಖ್ಯೋಪಾಧ್ಯಾಯಿನಿಯಾಗಿರುವ ಅಕ್ಕ, ತಾವು ಸಿಂಹಾಸನವೊಂದನ್ನು ಒದಗಿಸಿದರೆ ಅದರ ಕೈಯನ್ನೂ ಕಚ್ಚಿ ನಮ್ಮ ವಂಶಕ್ಕೆ ಸೇರಿಸಿಕೊಡಲು ಸಿದ್ಧಳಿದ್ದಾಳೆ.

ಅಮ್ಮ ಇದನ್ನೆಲ್ಲ ವಿವರಿಸಿದಾಗ ತಾವು ನಗುತ್ತಾ, "ಅಮ್ಮಾ, ಇತಿಹಾಸಕ್ಕೆ ದಾಖಲೆ ಬೇಕು, ನೆನಪು ಸಾಲಲ್ಲ" ಅಂದಿರಿ. ಅವಳು ಬಲಗೈ ಚಾಚಿದಳು. ಹೆಬ್ಬೆರಳ ಬುಡದ ಸುಟ್ಟ ಕಲೆ ಆ ಪೆಟ್ಟಿಗೆಯ ಮುಚ್ಚಳದ ಕೊಕ್ಕೆಯ ಆಕಾರದಲ್ಲೇ ಇದೆ. ತಾವು ಅದನ್ನು ನೋಡಿದಿರಿ. ಆಮೇಲೆ ಗಡಿಯಾರ ನೋಡಿದಿರಿ.

ಮನೆಗೆ ಬರುವ ದಾರಿಯಲ್ಲಿ ಗುಜರಿಯವನ ವಿಷಯ ಒಪ್ಪಿಕೊಂಡೆ; ಅಮ್ಮ ನನ್ನ ಮೇಲೆ ರೇಗಲಿಲ್ಲ. "ಕೇಳಿದ್ರೆ ನಾನೇ ಕೊಟ್ಬಿಡ್ತಿದ್ದೆ" ಅಂದಳು, ಅಷ್ಟೇ. ನಾಲ್ಕು ಬೈದಿದ್ದರೆ ಈ ಪತ್ರದ ತೊಂದರೆ ತಮಗೆ ತಪ್ಪುತ್ತಿತ್ತು.

ಫಲಕ ತಿದ್ದುವುದು ತಮ್ಮ ಘನತೆಗೆ ಕುಂದೆನಿಸಿದರೆ, ದಯಮಾಡಿ ಇತಿಹಾಸವನ್ನೇ ತಿದ್ದಿ ಅಮ್ಮನನ್ನು ಸೇನಾಪತಿಯೆಂದು ಘೋಷಿಸಬೇಕಾಗಿ ವಿನಂತಿ. ಅರ್ಧ ಊರಿನ ಅಂಗಿಗಳು ಅವಳ ಕೈಕೆಳಗೆ ನೆಟ್ಟಗೆ ನಿಲ್ಲುವುದನ್ನು ಕಲಿತಿವೆ.

ಇಂತಿ, ದಾಖಲೆಯಿಲ್ಲದ
ತಮ್ಮ ವಿಶ್ವಾಸಿ,
ಇಸ್ತ್ರಿ ಅಂಗಡಿಯವಳ ಮಗ

ಬರೆಯಲು ಮರೆತಿದ್ದು: ಅಮ್ಮ ಈಗ ಪ್ರತಿ ಶುಕ್ರವಾರ ತಮ್ಮಲ್ಲಿಗೆ ಬರುತ್ತಿದ್ದಾಳೆ. ಕಾವಲುಗಾರ ತನ್ನ ಕುರ್ಚಿ ಬಿಟ್ಟುಕೊಟ್ಟಿದ್ದಾನೆ. ನೋಡಲು ಬಂದವರು ಫಲಕ ಬಿಟ್ಟು ಅವಳ ಸುತ್ತ ನಿಲ್ಲುತ್ತಾರೆ. ಮೇಲ್ವಿಚಾರಕರಾದ ತಾವು ತೊಡುವ ಅಂಗಿಯ ಕಾಲರ್ ಕುರಿತು ಅವಳು ಅವರಿಗೆ ಹೇಳುತ್ತಿರುವುದನ್ನು ಇಲ್ಲಿ ಬರೆಯಲು ಸೌಜನ್ಯ ಅಡ್ಡ ಬರುತ್ತಿದೆ.