ಯಂತ್ರದ ಕಣ್ಣಿಗೆ ವಿಭೂತಿ

ಇಲ್ಲ, ಅದು ಸೋಮವಾರ ಇರಲಿಕ್ಕಿಲ್ಲ. ಇದ್ದರೂ ಇರಬಹುದು. ಸೋಮವಾರ ಎಂದು ನಾನು ಇಷ್ಟು ದಿನ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಅದಕ್ಕೆ ಕಾರಣ ಸೋಮವಾರವಾದರೆ ವಿಭೂತಿಗೆ ಒಂದು ನ್ಯಾಯ ಸಿಗುತ್ತದೆ ಎನ್ನುವುದಷ್ಟೇ. ನನ್ನ ಹೆಂಡತಿ ಮಂಗಳವಾರ ಅನ್ನುತ್ತಾಳೆ. ಅವಳದು ಮಡಕಶಿರಾದ ಕಡೆ, ರೊಳ್ಳದ ಹತ್ತಿರದ ಹಳ್ಳಿ. ಸಂತೆಯಿಂದ ಸಂತೆಗೆ ದಿನ ಎಣಿಸುವ ಊರಿನವರಿಗೆ ವಾರ ತಪ್ಪುವುದಿಲ್ಲ ಎಂಬುದು ಅವಳ ವಾದ. ನೆನಪಿನ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ, ಅದರಲ್ಲೂ ನನ್ನನ್ನು. ನಮ್ಮ ಕಸುಬಿನಲ್ಲಿ ಕಚ್ಚಾ ಹೊಲಿಗೆ ಅಂತ ಒಂದಿದೆ. ಬಟ್ಟೆ ಜಾರದಿರಲಿ ಎಂದು ಮೊದಲು ಉದ್ದುದ್ದ ಹಾಕಿಕೊಂಡು, ಗಟ್ಟಿ ಹೊಲಿಗೆ ಬಿದ್ದಮೇಲೆ ಎಳೆದು ಬಿಸಾಡುವ ದಾರ. ನನ್ನ ನೆನಪೆಲ್ಲ ಆ ಜಾತಿಯದು. ಗಟ್ಟಿ ಹೊಲಿಗೆ ಹಾಕುವುದು ಮಾತ್ರ ಪ್ರತಿಸಲ ಮರೆತುಹೋಗಿರುತ್ತದೆ.

ಕಸುಬು ಎಂದೆನಲ್ಲ, ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವುದು ನನ್ನ ಕಸುಬು. ಶೆಡ್ಡಿನಲ್ಲಿ ಹದಿನೆಂಟು ಹೊಲಿಗೆ ಮಿಷನ್ನುಗಳಿವೆ, ಕೂರುವವರು ಏಳು ಜನ. ಮೊದಲು ಬೆಳುಗುಪ್ಪದ ಆಟೋ ಬಂದು ನಿಂತರೆ ಒಂಬತ್ತು ಹೆಂಗಸರು ಇಳಿಯುತ್ತಿದ್ದರು. ನಾನು ಹೇಳುತ್ತಿರುವ ದಿನದ ಹೊತ್ತಿಗೆ ಇಬ್ಬರು ಇಳಿಯುತ್ತಿದ್ದರು, ಅದರಲ್ಲಿ ಒಬ್ಬಾಕೆ ಬ್ಯಾಂಕಿಗೆ ಹೋಗುವವಳು. ಉಳಿದವರು ಬಳ್ಳಾರಿಗೆ ಹೋದರು, ಬೆಂಗಳೂರಿಗೆ ಹೋದರು, ಕೆಲವರು ಮನೆಯಲ್ಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತ ನನಗಿಂತ ಸುಖವಾಗಿದ್ದಾರೆ. ‘ಟೈಲರ್‌ಗಳು ಬೇಕಾಗಿದ್ದಾರೆ’ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿ ಬಾಗಿಲ ಮೇಲೆ ಬೋರ್ಡು ತೂಗಿಹಾಕಿದೆ. ಅದು ಎಷ್ಟು ಕಾಲ ಅಲ್ಲೇ ತೂಗಿತೆಂದರೆ ಜನ ಅದನ್ನೇ ಅಂಗಡಿಯ ಹೆಸರು ಅಂದುಕೊಂಡರು. ಒಮ್ಮೆ ‘ಟೈಲರ್‌ಗಳು ಬೇಕಾಗಿದ್ದಾರೆ, ರಾಯದುರ್ಗ’ ಎಂಬ ವಿಳಾಸಕ್ಕೆ ಮದುವೆಯ ಕರೆಯೋಲೆಯೊಂದು ಬಂತು. ಹೋಗಿ ಉಂಡು ಬಂದೆ.

ಆ ಏಳು ಜನರಲ್ಲಿ ಗೌರಕ್ಕ ಒಬ್ಬಾಕೆ ಇಲ್ಲದಿದ್ದರೆ ಉಳಿದವರೂ ನಾನೂ ಸೇರಿ ಭಜನೆ ಮಾಡಬೇಕಷ್ಟೆ. ಆಕೆ ಹಿಂಭಾಗದ ಜೇಬು ಕೂರಿಸುವವಳು. ಹಿಂದಿನ ಎರಡು ಜೇಬು ಒಂದೇ ಮಟ್ಟಕ್ಕೆ ಬರುವುದು ಸುಲಭವಲ್ಲ. ಒಂದು ನೂಲಿನಷ್ಟು ಮೇಲೆ ಹೋದರೂ ಪ್ಯಾಂಟು ಹುಬ್ಬೇರಿಸಿ ನಿಮ್ಮನ್ನು ಅನುಮಾನದಿಂದ ನೋಡಿದ ಹಾಗೆ ಕಾಣುತ್ತದೆ. ಗೌರಕ್ಕ ಸೀಮೆಸುಣ್ಣದ ಗುರುತು ಹಾಕುವುದಿಲ್ಲ. ಸೊಂಟದ ಪಟ್ಟಿಯಿಂದ ನಾಲ್ಕು ಬೆರಳು ಇಟ್ಟು ಒಮ್ಮೆ ನೋಡಿದರೆ ಮುಗಿಯಿತು. ಆದರೆ ಆಕೆಗೂ ವಯಸ್ಸಾಗುತ್ತಿತ್ತು, ಆಕೆಯ ಪಕ್ಕದಲ್ಲಿ ಕೂತು ಕಲಿಯುವವರು ಯಾರೂ ಬರುತ್ತಿರಲಿಲ್ಲ. ಅದಕ್ಕೇ ನಾನು ಬಳ್ಳಾರಿಗೆ ಹೋಗಿ ತಾನಾಗಿಯೇ ಜೇಬು ಮಡಚಿ, ಕೂರಿಸಿ, ಹೊಲಿಯುವ ಯಂತ್ರ ನೋಡಿದೆ. ನಾನು ‘ಶಿವಾ’ ಎಂದು ಉಸಿರು ಬಿಡುವಷ್ಟರಲ್ಲಿ ಅದು ಒಂದು ಜೇಬು ಹೊಲಿದಿತ್ತು. ಇನ್ನೊಮ್ಮೆ ‘ಶಿವಾ’ ಅಂದೆ, ಇನ್ನೊಂದು ಜೇಬು. ಭಕ್ತಿಗೆ ಇಷ್ಟು ಬೇಗ ಫಲ ಸಿಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಯಂತ್ರವನ್ನು ಕೂರಿಸಲು ಬಂದ ಮೆಕ್ಯಾನಿಕ್ ಅನಂತಪುರದ ಕಡೆಯವನು, ಬರೀ ತೆಲುಗು. ಮಾತುಮಾತಿಗೂ ‘ಏಂ ಭಯಂ ಲೇದು ಸಾರ್’, ಏನೂ ಭಯವಿಲ್ಲ, ಅನ್ನುತ್ತಿದ್ದ. ಹತ್ತನೆಯ ಸಲ ಹಾಗೆ ಅಂದಾಗ ನನಗೆ ನಿಜವಾಗಿಯೂ ಭಯವಾಯಿತು. ಇನ್ನುಮೇಲೆ ಬಟ್ಟೆಯನ್ನೂ ಜೇಬಿನ ತುಂಡನ್ನೂ ಯಂತ್ರದ ಮುಂದೆ ಇಡುವುದಷ್ಟೇ ಕೆಲಸ ಎಂದು ಗೌರಕ್ಕನಿಗೆ ವಿವರಿಸಿದೆ.

“ಅಂದ್ರ ಇದಕ್ಕ ಎಡಿ ಇಡೋದು ನನ್ನ ಕೆಲಸ ಅನ್ರಿ,” ಅಂದಳು ಗೌರಕ್ಕ.

“ಹಂಗಲ್ಲಕ್ಕ, ನಿಮ್ಮ ಬೆನ್ನಿಗೆ ಆರಾಮ ಅಂತ.”

“ಬೆನ್ನು ನಂದು, ನೋವು ನಂದು. ನಿಮಗ್ಯಾಕ ಅದರ ಚಿಂತಿ ಬಂತ್ರಿ ಅಣ್ಣ, ಇಷ್ಟು ವರ್ಷದ ಮ್ಯಾಲ?”

ಅಂದಿನಿಂದ ಆಕೆ ಯಂತ್ರವನ್ನು ‘ನಿಮ್ಮ ಸೊಸಿ’ ಎಂದೇ ಕರೆಯತೊಡಗಿದಳು. ಕರೆಂಟು ಹೋದರೆ, “ನಿಮ್ಮ ಸೊಸಿ ಇನ್ನ ಎದ್ದಿಲ್ಲೇನ್ರಿ?” ಕರೆಂಟು ಬಂದು ಅದು ಗುಂಯ್ ಎಂದರೆ, “ಎದ್ಲು ನೋಡ್ರಿ, ಈಗ ಊರಿಗೆಲ್ಲ ಕೇಳಂಗ ಕೆಲಸ ಮಾಡ್ತಾಳ.”

ಸೊಸೆ ನಾಲ್ಕು ದಿನ ಚೆನ್ನಾಗಿಯೇ ಬಾಳಿದಳು. ಐದನೆಯ ದಿನ, ಅಂದರೆ ಆ ಸೋಮವಾರವೋ ಮಂಗಳವಾರವೋ, ಜೇಬುಗಳಿಗೆ ಹುಚ್ಚು ಹಿಡಿಯಿತು. ಬಳ್ಳಾರಿಯ ಅಂಗಡಿಯೊಂದಕ್ಕೆ ಇನ್ನೂರು ಪ್ಯಾಂಟು ಮರುದಿನ ಬೆಳಗಿನ ಲಾರಿಗೆ ಹೋಗಬೇಕಿತ್ತು, ತಪ್ಪಿದರೆ ಆ ಅಂಗಡಿಯವನು ಇನ್ನು ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ. ಬೆಳಗಿನ ಚಹಾಕ್ಕೆಂದು ಕೂತಲ್ಲಿಂದ ಎದ್ದು ಬಂದು ನೋಡುತ್ತೇನೆ, ಕೆಲವು ಜೇಬು ಓರೆ, ಕೆಲವು ತೊಡೆಯ ಹಿಂದೆ. ಒಂದಂತೂ ಮೊಣಕಾಲಿನ ಹತ್ತಿರ; ಅದನ್ನು ತೊಟ್ಟವನು ಪರ್ಸು ತೆಗೆಯಬೇಕಾದರೆ ಅರ್ಧ ನಮಸ್ಕಾರ ಹಾಕಬೇಕು. ನಾನು ನಿಂತು ನೋಡುತ್ತಿದ್ದ ಹಾಗೆಯೇ ಯಂತ್ರ ಕೆಳಗೆ ಬಟ್ಟೆಯೇ ಇಲ್ಲದೆ ಬಹಳ ಗಾಂಭೀರ್ಯದಿಂದ ಒಂದು ಜೇಬನ್ನು ಗಾಳಿಗೆ ಹೊಲಿಯಿತು. ಕೆಟ್ಟವು ನಲವತ್ತು. ಗೌರಕ್ಕ ತುಂಡುಗಳನ್ನು ಇಡುತ್ತಲೇ ಇದ್ದಳು.

“ನೋಡಿನೂ ಯಾಕ ಹೇಳ್ಲಿಲ್ಲಕ್ಕ?”

“ಎಡಿ ಇಡೋರು ದೇವರಿಗೆ ಬುದ್ಧಿ ಹೇಳ್ತಾರೇನ್ರಿ?”

ಮೆಕ್ಯಾನಿಕ್‌ಗೆ ಫೋನು ಹಚ್ಚಿದೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ್ದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲೊಂದು. ನಲವತ್ತು ಪ್ಯಾಂಟಿನ ಕಥೆ ಹೇಳುವಷ್ಟರಲ್ಲಿ ನಾನು ಅಳುವುದಕ್ಕೇ ಶುರುಮಾಡಿದ್ದೆ. ಆತ ಶಾಂತವಾಗಿ, “ಮುಂದು ಕನ್ನು ತುಡವಂಡಿ ಸಾರ್,” ಅಂದ. ಮೊದಲು ಕಣ್ಣು ಒರೆಸಿ, ಎಂದು. ಈ ಕಾಲದಲ್ಲೂ ಇಂಥ ಮನುಷ್ಯರಿದ್ದಾರಲ್ಲ ಎನಿಸಿ, ಹೆಗಲ ಟವೆಲ್ಲಿನಿಂದ ಎರಡೂ ಕಣ್ಣು ಒರೆಸಿಕೊಂಡು, “ಒರೆಸಿದೆನಪ್ಪಾ,” ಎಂದು ತೆಲುಗಿನಲ್ಲೇ ಹೇಳಿದೆ. “ಇಪ್ಪುಡು ಎಲಾ ಉಂದಿ?” ಎಂದು ಕೇಳಿದ, ಈಗ ಹೇಗಿದೆ ಎಂದು. “ಸ್ವಲ್ಪ ಸಮಾಧಾನ,” ಅಂದೆ. ಆತ, “ಮೀ ಕನ್ನು ಕಾದು ಸಾರ್, ಮಿಷನ್ ಕನ್ನು,” ಅಂದ. ನಿಮ್ಮ ಕಣ್ಣಲ್ಲ, ಮಿಷನ್ನಿನ ಕಣ್ಣು. ಉಳಿದ ಆರು ಹೊಲಿಗೆ ಮಿಷನ್ನುಗಳೂ ಒಟ್ಟಿಗೆ ನಿಂತವು. ನಗುವಾಗ ಪೆಡಲು ತುಳಿಯಲು ಆಗುವುದಿಲ್ಲವಂತೆ.

ಹುಡುಕಿದೆವು. ಸೂಜಿಯ ಮುಂದೆ ಹೆಸರುಕಾಳಿನಷ್ಟು ಒಂದು ಗಾಜಿನ ಬೊಟ್ಟು. ಬಟ್ಟೆ ಬಂತೋ ಇಲ್ಲವೋ ಎಂದು ಯಂತ್ರ ನೋಡುವುದು ಅದರಿಂದ. ಅದರ ಮೇಲೆ, ಅಚ್ಚುಕಟ್ಟಾಗಿ, ಮೂರು ಬೆರಳಿನ ವಿಭೂತಿ. ಪಾಪ, ಅದಕ್ಕೆ ಎಲ್ಲೆಲ್ಲೂ ಬಟ್ಟೆಯೇ ಕಾಣುತ್ತಿತ್ತು. ಅದೇ ಟವೆಲ್ಲಿನಿಂದ ಆ ಕಣ್ಣನ್ನೂ ಒರೆಸಿ, ಗೌರಕ್ಕನ ಕಡೆ ತಿರುಗಿ, “ಬೇಕಂತನ ಹಚ್ಚಿರೇನಕ್ಕ?” ಎಂದೆ. ಮೆಲ್ಲಗೆ ಕೇಳಿದೆ ಎಂದು ನನ್ನ ನೆನಪು. ರಸ್ತೆಯ ಆಚೆಯ ಕಿರಾಣಿ ಅಂಗಡಿಯವನ ನೆನಪು ಬೇರೆ.

ಗೌರಕ್ಕ ತನ್ನ ಕತ್ತರಿಯನ್ನು ಊಟದ ಚೀಲಕ್ಕೆ ಹಾಕಿಕೊಂಡಳು. “ವಿಭೂತಿ ಹಚ್ಚಿದ್ದು ಯಾರಂತ ದೇವರೂ ಕೇಳಂಗಿಲ್ಲ. ನೀವು ಕೇಳ್ತೀರಿ. ಬರ್ತೀನ್ರಿ ಅಣ್ಣ,” ಎಂದು ಹೊರಟೇಹೋದಳು. ಆಗ ಹೊಳೆಯಿತು: ಹೊಲಿಯುವ ಯಂತ್ರ ಬಂದಿದೆ, ಬಿಚ್ಚುವ ಯಂತ್ರ ಇನ್ನೂ ಬಂದಿಲ್ಲ. ಬಟ್ಟೆ ಹರಿಯದ ಹಾಗೆ ನಲವತ್ತು ಜೋಡಿ ಜೇಬು ಬಿಚ್ಚಿ ಮತ್ತೆ ಕೂರಿಸುವ ಕೈ ಊರಿಗೆಲ್ಲ ಒಂದೇ, ಅದು ಈಗಷ್ಟೇ ಗೇಟು ದಾಟಿತ್ತು.

ಊಟಕ್ಕೆ ಮನೆಗೆ ಹೋಗಿ ಅನ್ಯಾಯ ತೋಡಿಕೊಂಡೆ. ಹೆಂಡತಿ ಮುದ್ದೆ ಬಡಿಸುತ್ತ, “ನೀವೇ ಬಳ್ದಿರ್ತೀರ ಕಣ್ರೀ,” ಅಂದಳು. “ಮೊನ್ನೆ ಫ್ರಿಜ್ಜಿಗೆ ಬಳ್ದಿದ್ಯಾರು, ನಮ್ಮಪ್ಪನಾ? ಸ್ಕೂಟರ್ ಕನ್ನಡಿಗೆ ಬಳ್ದು, ಹಿಂದ್ಗಡೆ ಬಸ್ಸೇ ಕಾಣ್ಲಿಲ್ಲ ಅಂತ ಬಂದ್ರಲ್ಲ, ಅದ್ಯಾರು?” ನಿಜವೇ. ಸ್ನಾನವಾದಮೇಲೆ ನನ್ನ ಕೈ ನನ್ನ ಅಪ್ಪಣೆಗೆ ಕಾಯುವುದಿಲ್ಲ. ಹಣೆಗೆ ಹಚ್ಚಿ ಉಳಿದದ್ದನ್ನು ಎದುರಿಗೆ ಬಂದದ್ದಕ್ಕೆ ಬಳಿಯುತ್ತದೆ. ಆದರೆ ಗೌರಕ್ಕನೂ ಬೆಳಿಗ್ಗೆ ಬಂದವಳೇ ತನ್ನ ಮಿಷನ್ನಿಗೆ ಮೂರು ಬೆರಳು ಎಳೆಯುವವಳು.

ಮುದ್ದೆ ಅರ್ಧಕ್ಕೆ ಬಿಟ್ಟು ಆಕೆಯ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ನಾನು ನಿಂತೇ ಇದ್ದೆ.

“ಅದಕ್ಕ ಕಣ್ಣು ಐತಿ ಅಂತ ನನಗ ಯಾರರ ಹೇಳಿದ್ರೇನ್ರಿ?”

“ಇಲ್ಲಕ್ಕ.”

“ನಿಮಗ?”

“ನನಗೂ ಹೇಳಿಲ್ಲ.”

“ಹಂಗಾರ ಇಬ್ರೂ ಕುರುಡ್ರೇ ಬಿಡ್ರಿ. ಕೂಡ್ರಿ.” ಮೊರದ ಅಕ್ಕಿಯನ್ನು ಎರಡು ಸಲ ಕೇರಿ ಮುಂದುವರಿಸಿದಳು. “ಬರ್ತೀನಿ. ಆದ್ರ ಎಡಿ ಇಡಂಗಿಲ್ಲ. ಅದನ್ನ ಯಾರಾದ್ರೂ ಇಡ್ಲಿ. ನಾ ನೋಡಾಕಿ. ನಿಲ್ಸೋ ಗುಂಡಿ ನನ್ನ ಕೈಯಾಗ ಇರ್ಬೇಕು.”

“ಆತಕ್ಕ.”

“ಮತ್ತ, ಯಾರು ಹಚ್ಚಿದ್ದಂತ ಇನ್ನೊಮ್ಮೆ ಕೇಳಬಾರದು.”

ಕೇಳಿಲ್ಲ. ಆಕೆ ಹೊತ್ತು ಮುಳುಗುವುದರೊಳಗೆ ನಲವತ್ತನ್ನೂ ಸರಿಮಾಡಿದಳು, ಬೆಳಿಗ್ಗೆ ಲಾರಿ ಹೋಯಿತು. ಈಗ ಕೆಂಪು ಗುಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಒಂದು ನೂಲು ಆಚೀಚೆಯಾದರೂ ಸೊಸೆಯನ್ನು ನಿಲ್ಲಿಸಿ ನಾಲ್ಕು ಬೆರಳು ಇಟ್ಟು ನೋಡುತ್ತಾಳೆ. ಎಡೆ ಇಡಲು ಬೆಳುಗುಪ್ಪದ ಆಟೋದಿಂದ ಒಬ್ಬಾಕೆ ಬಂದಿದ್ದಾಳೆ, ಬ್ಯಾಂಕಿಗೆ ಹೋಗುತ್ತಿದ್ದವಳೇ. ಅಲ್ಲಿ ಸರದಿಯಲ್ಲಿ ನಿಲ್ಲುವುದಕ್ಕಿಂತ ಇಲ್ಲಿ ಕೂರುವುದು ವಾಸಿಯಂತೆ. ಯಂತ್ರದ ಹಿಂಬದಿಗೆ ಗೌರಕ್ಕ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದಿದ್ದಾಳೆ, ವಿಭೂತಿಗೆ. ಆಕೆ ಜೀವಮಾನದಲ್ಲಿ ಹಾಕಿದ ಮೊದಲ ಸೀಮೆಸುಣ್ಣದ ಗುರುತು ಅದು. ಆದರೂ ಬೆಳಿಗ್ಗೆ ನಾನು ಒಳಗೆ ಬಂದೊಡನೆ ಕೈ ತಾನಾಗಿ ಮುಂಭಾಗಕ್ಕೆ ಏಳುತ್ತದೆ. ಗೌರಕ್ಕ ತಲೆಯೆತ್ತದೆ, “ಅಲ್ಲಲ್ರಿ ಅಣ್ಣ, ಹಿಂದ,” ಅನ್ನುತ್ತಾಳೆ.

ಹಾಗಾದರೆ ಅಂದು ಹಚ್ಚಿದ್ದು ನಾನೇ ಇರಬೇಕು ಎಂದು ನೀವು ಅನ್ನಬಹುದು. ಆದರೆ ಈ ಕೈ ಮುಂಭಾಗಕ್ಕೆ ಏಳುವ ಚಾಳಿ ಅಂದಿಗೂ ಇತ್ತೋ, ಅಂದಿನ ವಿಷಯ ಯೋಚಿಸಿ ಯೋಚಿಸಿ ಆಮೇಲೆ ಕಲಿತದ್ದೋ ಹೇಳಲಾರೆ. ಬೆರಳಿನ ಗುರುತನ್ನಾದರೂ ನೋಡೋಣವೆಂದರೆ ಅದನ್ನು ನಾನೇ ಟವೆಲ್ಲಿನಿಂದ ಒರೆಸಿಬಿಟ್ಟಿದ್ದೆ. ಅಂದು ನನ್ನ ಹಣೆಯ ಮೇಲೂ ವಿಭೂತಿ ಇತ್ತು, ಗೌರಕ್ಕನ ಹಣೆಯ ಮೇಲೂ ಇತ್ತು. ಯಂತ್ರಕ್ಕೆ ಹಚ್ಚಿದ್ದು ಯಾರೆಂದು ನನಗೆ ಗೊತ್ತಿಲ್ಲ.