ವಿಶ್ವವಿದ್ಯಾಲಯದ ಮನೆತನ

ಸಂಶಯ ಪಡುವುದು ಕೆಟ್ಟ ಗುಣ ಎಂದು ಹೇಳುವವರ ಮೇಲೂ ನನಗೆ ಸಂಶಯ. ಅವರು ಏನನ್ನೋ ಮುಚ್ಚಿಟ್ಟಿರುತ್ತಾರೆ. ರೋಣದ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತ ತಲೆ ಬೆಳ್ಳಗಾದ ನನಗೆ ಸಂಶಯವೇ ಹೊಟ್ಟೆಪಾಡು. ಸಂತೆಯಲ್ಲಿ ಜೋಳದ ಚೀಲ ಕಂಡರೆ ಮೇಲಿನ ಕಾಳು ನೋಡುವುದಿಲ್ಲ, ನೇರ ತಳಕ್ಕೆ ಕೈ ಹಾಕುತ್ತೇನೆ. ದಾರಿಯಲ್ಲಿ ಯಾರಾದರೂ ನಿಂತು ‘ಆರಾಮ ಅದೀರೇನ್ರಿ?’ ಎಂದರೆ, ಇವನಿಗೆ ಯಾರ ಜಾಮೀನು ಬೇಕಾಗಿದೆಯೋ ಎಂದು ಯೋಚನೆಗೆ ಬೀಳುತ್ತೇನೆ. ದವಾಖಾನೆಯಲ್ಲಿ ಡಾಕ್ಟರು ನಗುತ್ತ ‘ನಿಮಗೇನೂ ಆಗಿಲ್ಲ’ ಎಂದ ದಿನವಂತೂ ಊಟ ರುಚಿಸುವುದಿಲ್ಲ. ಇಂಥವನ ಮಗಳು ಕಾನೂನು ಪದವಿ ಮುಗಿಸಿ, ಎಲ್ಎಲ್ಎಂ ಮಾಡುತ್ತೇನೆ, ಒಂದು ವಿಶ್ವವಿದ್ಯಾಲಯ ಆರಿಸೋಣ ಬನ್ನಿ ಎಂದರೆ ಮನೆಯ ಗತಿ ಏನಾಗಬೇಕು, ನೀವೇ ಹೇಳಿ.

ಮಗಳ ಹೆಸರು ಸುಮಾ. ಮುಂದೆ ಕಾನೂನು ಕಾಲೇಜಿನಲ್ಲಿ ಪಾಠ ಹೇಳಬೇಕೆಂಬುದು ಅವಳ ಹಟ. ಜೊತೆಯ ಹುಡುಗಿಯರ ಮದುವೆಗಳಿಗೆ ಉಂಡು ಬಂದಾಗಲೆಲ್ಲ ಅವಳು ನನ್ನ ಮುಖ ನೋಡುತ್ತಿದ್ದಳು. ಎಲ್ಎಲ್ಎಂ ಮುಗಿಯುವ ತನಕ ನಿನ್ನ ಮದುವೆಯ ಸುದ್ದಿ ಎತ್ತುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಆ ಮಾತಿನ ಮೇಲೆಯೇ ಅವಳ ಜೀವ ನಿಂತಿತ್ತು ಎಂಬುದನ್ನು ಮಾತ್ರ ನಾನು ಆಗ ಸರಿಯಾಗಿ ತಿಳಿದಿರಲಿಲ್ಲ.

ಆರಿಸುವ ಕೆಲಸ ಶುರುವಾಯಿತು. ಒಂದು ವಿಶ್ವವಿದ್ಯಾಲಯದ ಮಾಹಿತಿ ಪುಸ್ತಕದಲ್ಲಿ ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಕುಳಿತು, ಕಾನೂನಿನ ದಪ್ಪ ಗ್ರಂಥ ತೆರೆದಿಟ್ಟುಕೊಂಡು ನಗುತ್ತಿದ್ದರು. ಇಷ್ಟು ವರ್ಷಗಳಲ್ಲಿ ಕಾನೂನು ಪುಸ್ತಕ ಓದಿ ನಕ್ಕವರನ್ನು ನಾನು ಕಂಡಿಲ್ಲ. ಅದನ್ನು ಪಕ್ಕಕ್ಕಿಟ್ಟೆ. ಇನ್ನೊಂದರವರು ತಾವಾಗಿಯೇ ಫೋನು ಮಾಡಿ ಮಾತಿಗೊಮ್ಮೆ ‘ಸರ್’ ಎನ್ನುತ್ತಿದ್ದರು. ಇಷ್ಟು ಮರ್ಯಾದೆ ಕೊಡುವ ಜಾಗದಲ್ಲಿ ಓದು ಇರುವುದು ಅನುಮಾನ ಎಂದು ಅದನ್ನೂ ಬಿಟ್ಟೆ. ಮತ್ತೊಂದು ಕಡೆ ಎಷ್ಟು ಸಲ ಫೋನು ಮಾಡಿದರೂ ಯಾರೂ ಎತ್ತಲಿಲ್ಲ. ಅಲ್ಲಿ ಕಟ್ಟಡವಾದರೂ ಇದೆಯೋ ಇಲ್ಲವೋ. ಒಂದು ಕಡೆ ಎಲ್ಎಲ್ಎಂ ಒಂದೇ ವರ್ಷ ಎಂದರು. ನಮ್ಮಲ್ಲಿ ಪಾಲಿನ ದಾವೆಗೆ ಎದುರುದಾರನಿಗೆ ನೋಟೀಸು ಮುಟ್ಟಲಿಕ್ಕೇ ಅಷ್ಟು ಕಾಲ ಬೇಕು, ಅಷ್ಟರಲ್ಲಿ ಇವರು ಪಂಡಿತರನ್ನು ಮಾಡಿ ಕಳಿಸುತ್ತಾರಂತೆ. ಹಾಗಾದರೆ ಎರಡು ವರ್ಷದ ಕಡೆ ನೋಡೋಣ ಎಂದಳು ಸುಮಾ. ಒಂದು ವರ್ಷದಲ್ಲಿ ಆಗುವ ಕೆಲಸಕ್ಕೆ ಇವರಿಗೇಕೆ ಎರಡು ಬೇಕು ಎಂದೆ ನಾನು. ಅವಳು ಎದ್ದು ಒಳಗೆ ಹೋದಳು.

ನನ್ನ ಹೆಂಡತಿ ಗಿರಿಜಾ ಗಜೇಂದ್ರಗಡದ ನೇಕಾರರ ಮನೆಯ ಮಗಳು. ಆ ಮನೆಯವರು ಯಾವ ಸೀರೆಯನ್ನೂ ಎದುರಿನಿಂದ ನೋಡಿ ಒಪ್ಪುವವರಲ್ಲ, ಮಗುಚಿ ಹಿಂದಿನ ಮೈ ನೋಡುತ್ತಾರೆ. ಅಲ್ಲಿ ಎಳೆ ಸರಿಯಾಗಿದ್ದರೆ ಮಾತ್ರ ಸರಿ. ವರನನ್ನೂ ಹಾಗೆಯೇ ನೋಡುತ್ತಾರೆ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಮನೆತನ ನೋಡುವುದೆಂದರೆ ಆ ಮನೆಗೆ ಹೋಗುವುದಲ್ಲ. ಆ ಊರಿನ ಚಹಾದಂಗಡಿಯಲ್ಲಿ ಏನೂ ಅರಿಯದವರಂತೆ ಕುಳಿತು, ಮಳೆ ಬೆಳೆ ಮಾತಾಡುತ್ತ, ನಡುವೆ ಮೆಲ್ಲಗೆ ಹುಡುಗನ ಹೆಸರು ತೆಗೆಯುವುದು. ನನ್ನ ಮಾವನವರೂ ಆಗ ರೋಣದ ಬಸ್ ನಿಲ್ದಾಣದಲ್ಲಿ ಹೀಗೆ ಕುಳಿತು ಕೇಳಿದ್ದರಂತೆ. ಹುಡುಗ ಚಲೋ, ಆದರೆ ಕೊಟ್ಟ ಚಹಾವನ್ನೂ ಮೂಸಿ ಕುಡಿಯುತ್ತಾನೆ ಎಂದು ಅಂಗಡಿಯವನು ಹೇಳಿದನಂತೆ. ಅಷ್ಟಾದರೂ ಮಗಳನ್ನು ಯಾಕೆ ಕೊಟ್ಟರು ಎಂಬ ಸಂಶಯ ನನಗೆ ಇಂದಿಗೂ ಉಳಿದಿದೆ.

ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬಂತು. ಸುಮಾ ಒಂದು ವಿಶ್ವವಿದ್ಯಾಲಯವನ್ನು ಗಟ್ಟಿಯಾಗಿ ಹಿಡಿದಿದ್ದಳು. ಯಾವುದೆಂದು ಹೇಳುವುದಿಲ್ಲ, ಮಾನನಷ್ಟದ ದಾವೆ ಎಷ್ಟು ಸಲೀಸಾಗಿ ಹಾಕಬಹುದೆಂದು ನನಗೆ ಗೊತ್ತು. ಅಲ್ಲಿ ಸಂವಿಧಾನ ಕಲಿಸುವ ಒಬ್ಬ ತರುಣ ಮಾಸ್ತರರಿದ್ದರು. ಅವರ ಪಾಠ ಭಾಳ ಚಲೋ ಅಂತೆ, ಅವರು ಬರೆದದ್ದು ಭಾಳ ಚಲೋ ಅಂತೆ. ಒಂದೇ ಊಟದಲ್ಲಿ ಅವರ ಹೆಸರು ರೊಟ್ಟಿಗಿಂತ ಹೆಚ್ಚು ಸಲ ಬಂತು. ನನ್ನ ಕಿವಿ ನೆಟ್ಟಗಾದವು. ಮರುದಿನ ನರಗುಂದದ ಕೋರ್ಟಿನಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ, ಆ ವಿಶ್ವವಿದ್ಯಾಲಯದ ಊರಿನ ಬಸ್ಸು ಹತ್ತಿದೆ.

ವಿಶ್ವವಿದ್ಯಾಲಯದ ಒಳಗೆ ನಾನು ಕಾಲಿಡಲಿಲ್ಲ. ಒಳಗಿನವರು ಖರೇ ಹೇಳುತ್ತಾರೆಯೆ? ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕುಳಿತೆ. ನಮ್ಮ ಹಿರಿಯರ ಕ್ರಮದಲ್ಲೇ ಮಳೆಯಿಂದ ಶುರು ಮಾಡಿ, ಕಡಲೆಯ ಧಾರಣೆಗೆ ಬಂದು, ಅಲ್ಲಿಂದ ಮಾಸ್ತರರಿಗೆ ಇಳಿದೆ. ಹೊತ್ತಿಗೆ ಸರಿಯಾಗಿ ಬರುತ್ತಾರೋ, ಕುಡಿಯುವ ಚಟವಿದೆಯೋ, ಯಾವ ಊರಿನವರು, ಸಿಟ್ಟು ಹೇಗೆ, ಹೆಣ್ಣುಮಕ್ಕಳ ಜೊತೆ ಮಾತು ಹೇಗೆ, ಎಲ್ಲ ಕೇಳಿದೆ. ಅಂಗಡಿಯವನು ಒಂದನ್ನೂ ಮುಚ್ಚಿಡಲಿಲ್ಲ. ಮಾಸ್ತರರು ನರಗುಂದದವರು, ಚಟವೆಂದರೆ ಓದುವುದೊಂದೇ, ರವಿವಾರವೂ ಗ್ರಂಥಾಲಯದಲ್ಲೇ ಇರುತ್ತಾರೆ ಎಂದ. ಕೊನೆಗೆ ಲೋಟ ಎತ್ತುತ್ತ, ‘ನೀವು ರೋಣದ ವಕೀಲ್ರಲ್ರಿ? ನಾ ಯಾವಗಲ್ಲದಾವ’ ಎಂದ. ಯಾವಗಲ್ಲು ನಮ್ಮ ಕಡೆಯದೇ ಹಳ್ಳಿ, ಇಷ್ಟು ದೂರದಲ್ಲೂ ನನ್ನನ್ನು ಗುರುತಿಸಿದನಲ್ಲ ಎಂದು ಎದೆ ಉಬ್ಬಿತು. ಸಂಶಯ ಬರಬೇಕಾದ ಒಂದೇ ಒಂದು ಗಳಿಗೆಯಲ್ಲಿ ನನಗೆ ಸಂಶಯ ಬರಲಿಲ್ಲ.

ಮುಂದಿನ ರವಿವಾರ ನಮ್ಮ ಮನೆಯ ಮುಂದೆ ಒಂದು ಕಾರು ನಿಂತಿತು. ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಇಬ್ಬರು ಇಳಿದರು. ಆ ಮಾಸ್ತರರ ತಾಯಿ ಮತ್ತು ಸೋದರಮಾವ. ಚಹಾದಂಗಡಿಯ ಆ ಯಾವಗಲ್ಲಿನವನು ಅಂದೇ ನರಗುಂದಕ್ಕೆ ಫೋನು ಮಾಡಿದ್ದ. ರೋಣದ ವಕೀಲರು ಮಗಳಿಗೆ ನಿಮ್ಮ ಹುಡುಗನನ್ನು ನೋಡುತ್ತಿದ್ದಾರೆ, ಮನೆತನ ವಿಚಾರಿಸಿ ಹೋದರು ಎಂದು. ಹುಡುಗನಿಗೆ ಇನ್ನೂ ತಿಳಿಸಿಲ್ಲ, ಮೊದಲು ನಾವೂ ನಿಮ್ಮ ಮನೆತನ ನೋಡೋಣವೆಂದು ಬಂದೆವು ಎಂದರು ಸೋದರಮಾವ. ಬಸ್ ನಿಲ್ದಾಣದಲ್ಲಿ ಕೇಳಿದರಂತೆ, ನನ್ನ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳಿದರಂತೆ. ಯಾರು ಹಾಗೆ ಹೇಳಿದರು ಎಂದು ನಾನು ಕೇಳಿಯೇಬಿಟ್ಟೆ.

ಗಿರಿಜಾ ಉಪ್ಪಿಟ್ಟು ತಂದಿಟ್ಟು, ತಪ್ಪು ತಿಳಿಯಬೇಡಿ, ನಮ್ಮವರು ಹೋದದ್ದು ಮಗಳ ಸಾಲಿ ನೋಡಲಿಕ್ಕೆ, ವರ ನೋಡಲಿಕ್ಕಲ್ಲ ಎಂದಳು. ಸೋದರಮಾವ ಉಪ್ಪಿಟ್ಟಿನ ತಾಟನ್ನು ಕೆಳಗಿಟ್ಟರು.

‘ಸಾಲಿ ನೋಡಾಕ ಹೋದವರು, ಮಾಸ್ತರಗ ಕುಡಿಯೂ ಚಟ ಐತೇನು ಅಂತ ಯಾಕ ಕೇಳಬೇಕ್ರಿ?’

ಎಂತೆಂಥ ಪಾಟೀಸವಾಲುಗಳನ್ನು ಮಾಡಿದ ಬಾಯಿ ನನ್ನದು. ಆ ಬಾಯಿ ಈಗ ಉಪ್ಪಿಟ್ಟಿಗೆ ಇನ್ನಷ್ಟು ತುಪ್ಪ ಹಾಕಲೇ ಎಂದು ಕೇಳಿತು. ಅವರು ದೊಡ್ಡವರು, ನಕ್ಕು ಚಹಾ ಕುಡಿದು ಹೋದರು. ಸುಮಾ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ಕೆಂಪಗಾಗಿದ್ದವು.

‘ಅಪ್ಪಾ, ಇನ್ನ ಆ ಸರ್ ಮುಂದ ನಾ ಹ್ಯಾಂಗ ಕುಂದ್ರಲಿ? ನಾ ಓದಾಕ ಹೊಂಟಿದ್ದೆ. ನೀವು ನನ್ನ ಓದಿಗೇ ಬಾಸಿಂಗ ಕಟ್ಟಿ ಬಂದ್ರಿ.’

ಊರಿನ ಪ್ರತಿಯೊಂದು ಚೀಲದ ತಳಕ್ಕೆ ಕೈ ಹಾಕಿದವನು, ಒಂದೇ ಒಂದು ಒಳ್ಳೆಯ ಚೀಲವನ್ನು ನಾನೇ ಹರಿದಿದ್ದೆ. ತಪ್ಪಾಯಿತು ಮಗಳೇ ಎಂದೆ. ಅವಳು ಅರ್ಜಿಯ ಕಾಗದಗಳನ್ನು ಎತ್ತಿಕೊಂಡು ತಾಯಿಯ ಹತ್ತಿರ ಹೋದಳು.

ಆಮೇಲೆ ಎಲ್ಲವೂ ತಾಯಿ ಮಗಳ ನಡುವೆಯೇ ನಡೆಯಿತು. ಅರ್ಜಿ ಹೋಯಿತು, ಪರೀಕ್ಷೆಯಾಯಿತು, ಸೀಟು ಸಿಕ್ಕಿತು, ಹಾಸ್ಟೆಲೂ ಸಿಕ್ಕಿತು. ಎಲ್ಲಿ ಎಂದು ನನಗೆ ಹೇಳಲಿಲ್ಲ. ಮೊದಲ ಪರೀಕ್ಷೆ ಮುಗಿದ ಮೇಲೆ ಹೇಳುತ್ತಾಳಂತೆ. ಅಲ್ಲಿಯವರೆಗೆ ಕೇಳಬಾರದು, ಹಿಂದೆ ಹೋಗಬಾರದು ಎಂದು ನನ್ನ ಕೈಯನ್ನು ನನ್ನದೇ ಕಾನೂನು ಪುಸ್ತಕದ ಮೇಲಿಡಿಸಿ ಆಣೆ ಮಾಡಿಸಿದಳು. ಗಿರಿಜಾಳೇ ಹೋಗಿ ಬಿಟ್ಟು ಬಂದಳು. ನಾನು ಬಸ್ಸಿನ ಬೋರ್ಡು ನೋಡದಂತೆ ನನ್ನನ್ನು ಮನೆಯಲ್ಲೇ ಕೂರಿಸಿದ್ದರು.

ಕೆಲವು ವಾರ ಹೇಗೋ ತಡೆದೆ. ನೀವಾಗಿದ್ದರೆ ತಡೆಯುತ್ತಿದ್ದಿರೋ ಏನೋ, ನನ್ನಿಂದ ಆಗಲಿಲ್ಲ. ನರಗುಂದದ ಕೋರ್ಟಿನಲ್ಲಿ ಕೆಲಸವಿದೆ ಎಂದು ಹೇಳಿ ಮತ್ತೆ ಅದೇ ಚಹಾದಂಗಡಿಗೆ ಹೋದೆ. ಆಣೆ ಮಾಡಿದ್ದು ಅವಳು ಹೋದ ಊರಿಗೆ ಹೋಗುವುದಿಲ್ಲವೆಂದು. ಆ ಉಪ್ಪಿಟ್ಟಿನ ದಿನದ ಮೇಲೆ ಇದು ಅವಳು ಹೋಗಿರಲಾರದ ಊರು, ಆದ್ದರಿಂದ ಆಣೆ ಮುರಿದಂತಾಗಲಿಲ್ಲ ಎಂದು ಬಸ್ಸಿನಲ್ಲೇ ವಾದ ಕಟ್ಟಿಕೊಂಡಿದ್ದೆ.

ಯಾವಗಲ್ಲಿನವನು ನನ್ನನ್ನು ನೋಡಿದವನೇ ತಲೆ ತಗ್ಗಿಸಿದ. ಮಳೆಯ ಮಾತು ತೆಗೆದೆ, ಗೊತ್ತಿಲ್ಲ ಎಂದ. ಕಡಲೆಯ ಧಾರಣೆ ಕೇಳಿದೆ, ಗೊತ್ತಿಲ್ಲ ಎಂದ. ಈ ವರ್ಷ ಎಲ್ಎಲ್ಎಂಗೆ ನಮ್ಮ ಕಡೆಯ ಹುಡುಗಿಯರು ಯಾರಾದರೂ ಬಂದಿದ್ದಾರೆಯೇ ಎಂದು ಬಾಯಿ ತೆರೆಯುವಷ್ಟರಲ್ಲಿ, ನಾನು ಕೇಳಿ ಮುಗಿಸುವ ಮೊದಲೇ ಹೇಳಿದ:

‘ನಂಗ ಯಾರೂ ಏನೂ ಹೇಳಿಕೊಟ್ಟಿಲ್ರಿ. ನೀವು ಚಹಾ ತಗೋರಿ.’

ಪಾಠ ಹೇಳಿಕೊಟ್ಟ ಸಾಕ್ಷಿಯನ್ನು ಮೈಲಿ ದೂರದಿಂದ ಗುರುತಿಸಬಲ್ಲೆ ನಾನು. ಅವಳು ಇಲ್ಲಿಯೇ ಇದ್ದಾಳೆ. ನಾನು ಕೆಡಿಸಿದ ಜಾಗವನ್ನು ಬಿಟ್ಟುಕೊಡದೆ, ತಲೆ ಎತ್ತಿ ಬಂದು ಕುಳಿತಿದ್ದಾಳೆ. ಬಂದವಳು ಮೊದಲು ನನ್ನ ಸಾಕ್ಷಿಯನ್ನೇ ತನ್ನ ಕಡೆ ತಿರುಗಿಸಿಕೊಂಡಿದ್ದಾಳೆ. ಖುಷಿಯಾಯಿತು. ಈ ವಿಶ್ವವಿದ್ಯಾಲಯದಲ್ಲಿ ಪಾಠ ಚೆನ್ನಾಗಿ ನಡೆಯುತ್ತದೆ ಎಂಬ ಬಗ್ಗೆ ನನಗೆ ಇನ್ನು ಸಂಶಯವಿಲ್ಲ. ಗೇಟಿನತ್ತ ತಿರುಗಿಯೂ ನೋಡದೆ, ಚಹಾ ಕುಡಿದು ಬಸ್ಸು ಹತ್ತಿದೆ.

ಸಂಜೆ ಮನೆ ಸೇರಿದಾಗ ಗಿರಿಜಾ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ನರಗುಂದದ ಕೆಲಸ ಲಗೂ ಮುಗಿಯಿತು ಎಂದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

‘ಹೌದ್ರಿ? ಚಹಾ ಹ್ಯಾಂಗಿತ್ತು?’