ತನ್ನಷ್ಟಕ್ಕೆ ಹೋಗುವ ಮೆಸೇಜುಗಳು

ಕೆಲಸವನ್ನು ಫೋನಿಗೆ ಒಪ್ಪಿಸಿ ನಾವು ಚಾ ಕುಡಿಯಲು ಕೂತ ಹೊತ್ತಿಗೇ ಇಂಥದ್ದೆಲ್ಲ ಆಗುವುದು. ನಾನು ಬೈಕಂಪಾಡಿಯ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಕೋಡಿಂಗ್ ಬರುವುದಿಲ್ಲ. ಆದರೆ ‘ಇಂಥದ್ದು ಬಂದರೆ ಇಂಥದ್ದು ಮಾಡು’ ಎಂದು ಪರದೆಯ ಮೇಲೆ ಚೌಕಗಳನ್ನು ಜೋಡಿಸಿಟ್ಟರೆ ಮುಂದಿನದು ತನ್ನಷ್ಟಕ್ಕೆ ನಡೆಯುತ್ತದೆ ಎಂದು ಕಲಿತಿದ್ದೇನೆ. ಆದಿತ್ಯವಾರ ಜೆಪ್ಪುವಿನ ನಮ್ಮ ಮನೆಯ ಜಗಲಿಯಲ್ಲಿ ಕೇಳಿದವರಿಗೆ ಕಲಿಸುತ್ತೇನೆ. ಕಲಿತವರೆಲ್ಲ ನನ್ನನ್ನು ಎಲ್ಲಿಗೋ ಹಿಂದೆ ಹಾಕಿದ್ದಾರೆ.

ರಜೆ ಮಂಜೂರು

ಮೊದಲ ಶಿಷ್ಯರು ನಮ್ಮ ಆಫೀಸಿನ ಹಿರಿಯ ಗುಮಾಸ್ತರು. ನಿವೃತ್ತಿಗೆ ಆರು ತಿಂಗಳಿತ್ತು. ಗೋದಾಮಿನವರ ರಜೆ ಅರ್ಜಿಗಳಿಗೆ ಒಂದೊಂದಾಗಿ ಉತ್ತರ ಬರೆದು ಅವರ ಬೆಳಗ್ಗೆಯೆಲ್ಲ ಮುಗಿಯುತ್ತಿತ್ತು. ಒಂದೇ ವಾರದಲ್ಲಿ ಕಲಿತು, ‘ಲೀವ್’ ಎಂಬ ಪದವಿರುವ ಪ್ರತಿ ಮೇಲಿಗೂ ‘ನಿಮ್ಮ ರಜೆ ಮಂಜೂರಾಗಿದೆ, ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಉತ್ತರ ಹೋಗುವಂತೆ ಮಾಡಿದರು. ಈ ವಯಸ್ಸಿನಲ್ಲಿ ಎಂಥ ತಲೆ ಎಂದು ನಾವೆಲ್ಲ ಬೆರಗಾದೆವು.

ಮೂರನೆಯ ದಿನ ಹಾಸನದ ವ್ಯಾಪಾರಿಯೊಬ್ಬರು ಇಂಗ್ಲಿಷಿನಲ್ಲಿ, ನಮ್ಮ ಲೋಡಿನ ಲಾರಿ ಯಾವಾಗ ‘ಲೀವ್’ ಆಗುತ್ತದೆ ಎಂದು ಕೇಳಿದರು. ಅವರಿಗೂ ರಜೆ ಮಂಜೂರಾಯಿತು. ಮತ್ತೆ ಸಿಟ್ಟಿನಲ್ಲಿ ಬರೆದರು, ಮತ್ತೆ ಮಂಜೂರಾಯಿತು. ದೊಡ್ಡ ಗಿರಾಕಿ ಕೈಬಿಟ್ಟು ಹೋಗುತ್ತದೆಂದು ಮ್ಯಾನೇಜರರ ಮುಖ ಬಿಳುಚಿಕೊಂಡಿತು. ಗುಮಾಸ್ತರು ತಾವೇ ಫೋನ್ ಮಾಡಿ, ತಪ್ಪು ನನ್ನದು ಎಂದು ಒಪ್ಪಿಕೊಂಡರು.

ಆ ಕಡೆಯಿಂದ ವ್ಯಾಪಾರಿ ಹೇಳಿದರು: “ಇರಲಿ ಬಿಡಿ ಸಾರ್. ಹನ್ನೆರಡು ವರ್ಷದಿಂದ ಅಂಗಡಿ ನಡೆಸ್ತಿದ್ದೀನಿ. ನನಗೆ ರಜೆ ಕೊಟ್ಟವರು ನೀವೇ ಮೊದಲು.”

ಹೆತ್ತವರು ಯಾರು

ನಮ್ಮ ಬೀದಿಯ ಬಟ್ಟೆ ಅಂಗಡಿಯ ಬ್ಯಾರಿಗಳದ್ದು ದೊಡ್ಡ ಕುಟುಂಬ. ಅರ್ಧ ಜನ ಇಲ್ಲಿ, ಅರ್ಧ ಜನ ಗಲ್ಫಿನಲ್ಲಿ. ಯಾರ ಹುಟ್ಟಿದ ದಿನವೂ ತಪ್ಪಿಹೋಗಬಾರದೆಂದು ಅವರು ಎಲ್ಲರ ಪಾಸ್‌ಪೋರ್ಟ್ ನೋಡಿ ತಾರೀಕು ಬರೆದುಕೊಂಡು, ಆಯಾ ದಿನ ಮನೆಯ ಗ್ರೂಪಿಗೆ ಹಾರೈಕೆಯ ದುಆ ತಾನಾಗಿ ಹೋಗುವಂತೆ ಜೋಡಿಸಿದರು. ಅಷ್ಟು ತಾಳ್ಮೆ ನನಗಿಲ್ಲ.

ಜೂನ್ ಒಂದರ ಬೆಳಗ್ಗೆ ಗ್ರೂಪಿಗೆ ಒಟ್ಟೊಟ್ಟಿಗೆ ಹತ್ತೊಂಬತ್ತು ದುಆ ಬಂತು. ಅಣ್ಣಂದಿರು, ತಮ್ಮಂದಿರು, ಭಾವಂದಿರು, ಎಲ್ಲರೂ ಅದೇ ದಿನ ಹುಟ್ಟಿದವರು. ಹಿಂದೆಲ್ಲ ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದವರಿಗೆಲ್ಲ ಜೂನ್ ಒಂದು ಎಂದೇ ಬರೆಯುತ್ತಿದ್ದರಲ್ಲ. ಹತ್ತೊಂಬತ್ತು ಮಂದಿಗೆ ಐವತ್ತು ಮಂದಿಯ ಶುಭಾಶಯ, ಅದಕ್ಕೆಲ್ಲ ಇವರ ಧನ್ಯವಾದ. ಮಧ್ಯಾಹ್ನದೊಳಗೆ ಎಲ್ಲರ ಫೋನೂ ಬಿಸಿ.

ಅವರ ಉಮ್ಮ ಎಲ್ಲವನ್ನೂ ಓದಿಸಿ ಕೇಳಿ ಹೇಳಿದರಂತೆ: “ನಾನು ಹೆತ್ತದ್ದು ಬೇರೆ ಬೇರೆ ದಿನ. ಒಂದೇ ದಿನ ಹೆತ್ತದ್ದು ಆ ಹೆಡ್ಮಾಸ್ಟ್ರು.”

ದಡಕ್ಕೆ ಬಂದೆ

ಬೆಂಗ್ರೆಯಿಂದ ದೋಣಿಯಲ್ಲಿ ನದಿ ದಾಟಿ ಜೆಪ್ಪುವಿಗೆ ಮೀನು ತರುವ ಅಕ್ಕನಿಗೆ ಓದಲು ಬಾರದು. ದೋಣಿ ತಡವಾದ ದಿನ ಗಿರಾಕಿಗಳು ಬೇರೆಯವರ ಹತ್ತಿರ ತೆಗೆದುಕೊಂಡುಬಿಡುತ್ತಿದ್ದರು. ಚೌಕಗಳ ಬಣ್ಣ ನೋಡಿಯೇ ಆಕೆ ಕಲಿತದ್ದು. ಫೋನು ಈಚೆ ದಡ ಮುಟ್ಟಿದ ಕೂಡಲೇ, ಬೆಳಗ್ಗೆ ಅವಳೇ ಮಾತಾಡಿ ಇಟ್ಟದ್ದು ಮೂವತ್ತು ಮನೆಗಳಿಗೆ ಹೋಗುತ್ತದೆ: “ದಡಕ್ಕೆ ಬಂದೆ, ಬಂಗುಡೆ ಉಂಟು, ಪಾತ್ರೆ ಹಿಡ್ಕೊಂಡು ನಿಲ್ಲಿ.” ಇದನ್ನು ಕಂಡು ನಾನು ಅವಳಿಗೆ ಕೈಮುಗಿದಿದ್ದೇನೆ.

ಒಂದು ದಿನ ಆಕೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನೆಂಟರ ಮದುವೆಗೆಂದು ನದಿ ದಾಟಿದಳು. ಫೋನಿಗೆ ಮದುವೆ ಗೊತ್ತಿಲ್ಲವಲ್ಲ, ಹಿಂದಿನ ದಿನದ ಮಾತನ್ನೇ ಕಳಿಸಿತು. ನಾನೂ ಅರ್ಧ ಗಂಟೆ ಗೇಟಿನಲ್ಲಿ ಪಾತ್ರೆ ಹಿಡಿದು ನಿಂತೆ. ಕೊನೆಗೆ ಬೇಸತ್ತು ನನಗೂ ಕರೆಯಿದ್ದ ಒಂದು ಮದುವೆಗೆ ಹೊರಟೆ. ಹಾಲ್‌ನ ಬಾಗಿಲಲ್ಲಿ ಪನ್ನೀರು ಹಾಕುತ್ತಿದ್ದವಳು ಅವಳೇ. ಎಂತ ಮಾರಾಯ್ತಿ, ಬಂಗುಡೆ ಎಲ್ಲಿ ಎಂದು ಕೇಳಿದೆ.

ಅವಳು ಸ್ವಲ್ಪವೂ ಗಲಿಬಿಲಿಯಾಗಲಿಲ್ಲ. “ಒಳಗೆ ಬಡಿಸ್ತಾ ಇದ್ದಾರೆ ಅಕ್ಕ. ಕೂತ್ಕೊಳ್ಳಿ, ಪಾತ್ರೆ ಬೇಡ.”

ಹೊಸ ಗೋತ್ರ

ಹತ್ತಿರದ ದೇವಸ್ಥಾನದ ಭಟ್ಟರ ಕಷ್ಟ ಬೇರೆ. ಸೇವೆ ಹೇಳುವವರ ಫೋನು ಪೂಜೆಯ ನಡುವೆಯೇ ಬರುತ್ತಿತ್ತು. ಫೋನು ಬಂದ್ ಮಾಡಿ, ಇಲ್ಲವಾದರೆ ಬೇರೆಯವರನ್ನು ನೋಡ್ತೇವೆ ಎಂದು ಆಡಳಿತದವರು ಹೇಳಿಬಿಟ್ಟಿದ್ದರು. ಬಂದ್ ಮಾಡಿದರೆ ಸೇವೆ ಹೇಳುವವರಿಗೆ ದಾರಿಯಿಲ್ಲ. ಭಟ್ಟರು ಎರಡು ಆದಿತ್ಯವಾರ ಕೂತು ಕಲಿತರು. ಈಗ ಫೋನು ಸದ್ದು ಮಾಡುವುದಿಲ್ಲ, ಯಾರು ಕರೆ ಮಾಡಿದರೂ ಮೆಸೇಜು ಕಳಿಸಿದರೂ ‘ಹೆಸರು, ಗೋತ್ರ, ನಕ್ಷತ್ರ ತಿಳಿಸಿ’ ಎಂದು ಉತ್ತರ ಹೋಗುತ್ತದೆ. ಬಂದ ಉತ್ತರ ತಾನಾಗಿ ಪಟ್ಟಿಗೆ ಸೇರಿ, ಬೆಳಗ್ಗೆ ದೇವಸ್ಥಾನದ ಆಫೀಸಿನಲ್ಲಿ ಪ್ರಿಂಟಾಗುತ್ತದೆ. ಗರ್ಭಗುಡಿಯಲ್ಲಿ ಮೌನ, ಪಟ್ಟಿಯಲ್ಲಿ ಒಂದು ಹೆಸರೂ ತಪ್ಪಿಲ್ಲ. ಆಡಳಿತದವರೇ ಶಾಲು ಹೊದೆಸಿದರು.

ಆ ವಾರವೇ ಗ್ಯಾಸ್ ತರುವವನು ಅದೇ ನಂಬರಿಗೆ, ಸಿಲಿಂಡರ್ ಉಂಟು, ಮನೆಯಲ್ಲಿ ಇದ್ದೀರಾ ಎಂದು ಕೇಳಿದ. ಹೆಸರು, ಗೋತ್ರ, ನಕ್ಷತ್ರ ತಿಳಿಸಿ ಎಂದು ಉತ್ತರ ಬಂತು. ಕಂಪೆನಿಯ ಹೊಸ ನಿಯಮ ಇರಬೇಕೆಂದು ಅವನು ಪ್ರಾಮಾಣಿಕವಾಗಿ ತುಂಬಿಸಿದ. ಹೆಸರು ಅವನದ್ದೇ. ಗೋತ್ರ ಎಂದರೆ ಕನೆಕ್ಷನ್ ಯಾವ ಬಗೆಯದ್ದು ಎಂದು ತಿಳಿದು ‘ಡೊಮೆಸ್ಟಿಕ್’ ಎಂದು ಬರೆದ. ನಕ್ಷತ್ರ ಎಂದರೆ ರೇಟಿಂಗಿನ ಸ್ಟಾರ್ ಎಂದುಕೊಂಡು, ತನ್ನ ಕೆಲಸಕ್ಕೆ ತಾನೇ ಕೊಟ್ಟುಕೊಂಡದ್ದು ‘ಐದು’.

ಮರುದಿನ ಪೂಜೆಗೆ ನಾನೂ ಹೋಗಿದ್ದೆ. ಭಟ್ಟರು ಪಟ್ಟಿ ಹಿಡಿದು ಸರಸರನೆ ಸಂಕಲ್ಪ ಹೇಳುತ್ತಾ ಹೋದರು. ಒಂದು ಕಡೆ ಅರೆಕ್ಷಣ ತಡವರಿಸಿದರು. ಪಟ್ಟಿಯಲ್ಲಿದ್ದವರನ್ನು ಬಿಡುವ ಹಾಗಿಲ್ಲ. ಗಂಟಲು ಸರಿಮಾಡಿಕೊಂಡು, “ಡೊಮೆಸ್ಟಿಕ್ ಗೋತ್ರೋದ್ಭವಸ್ಯ, ಪಂಚನಕ್ಷತ್ರೇ ಜಾತಸ್ಯ” ಎಂದು ಸ್ವರ ಕೆಡದಂತೆ ಹೇಳಿ ಮುಂದೆ ಹೋದರು. ಅವರ ಭಕ್ತಿಗೆ ನನ್ನ ಕಣ್ಣು ತುಂಬಿತು, ನಗು ತಡೆದದ್ದಕ್ಕೂ ತುಂಬಿರಬಹುದು.

ಪ್ರಸಾದ ತೆಗೆದುಕೊಳ್ಳುವಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಸೆರಗು ಹಿಡಿದು ಮೆಲ್ಲ ಕೇಳಿದರು:

“ಆ ಡೊಮೆಸ್ಟಿಕ್ ಗೋತ್ರದ ಹುಡುಗನಿಗೆ ಮದುವೆ ಆಗಿದೆಯಾ? ನಮ್ಮ ಮೊಮ್ಮಗಳಿಗೆ ನೋಡ್ತಾ ಇದ್ದೇವೆ. ಐದು ನಕ್ಷತ್ರವೂ ಕೂಡಿ ಬಂದ ಜಾತಕ ಈಗ ಎಲ್ಲಿ ಸಿಗ್ತದೆ?”